ಎರಡು ಬೆಕ್ಕು, ಒಂದು ಮಹಡಿ ಮನೆ: ಯಾವ ಉಪಾಯ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ

ಮನೆಯಲ್ಲಿ ಒಂದು ಬೆಕ್ಕಿದ್ದು ಎರಡನೆಯದು ಬಂತು ಅಂದರೆ ಸಲಹೆಗಳಿಗೆ ಬರವಿಲ್ಲ. "ಬಿಟ್ಟುಬಿಡಿ, ಹೊಂದಿಕೊಳ್ತವೆ" ಅನ್ನುವವರು ಒಂದು ಕಡೆ. "ಬೇರೆ ರೂಮಲ್ಲಿ ಕೂಡಿಹಾಕಿ" ಅನ್ನುವವರು ಇನ್ನೊಂದು ಕಡೆ. ಸಾಕುಪ್ರಾಣಿ ಅಂಗಡಿಗೆ ಹೋದರೆ ಪ್ಲಗ್ಗಿಗೆ ಸಿಕ್ಕಿಸುವ ಬಾಟಲಿ ತೋರಿಸುತ್ತಾರೆ. ಮೈಸೂರಿನ ಕುವೆಂಪುನಗರದ ನಮ್ಮ ಮಹಡಿ ಮನೆಯಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಮಾಡಿ ನೋಡಿದ್ದಾಯಿತು. ಪುಟ್ಟಿ ನಮ್ಮ ಹಳೆಯವಳು. ಬೂದು ಬಣ್ಣದ ಪಟ್ಟೆ ಬೆಕ್ಕು, ಗಲಾಟೆ ಇಲ್ಲ. ಕೆಂಚ ಆಮೇಲೆ ಬಂದವನು. ಬಂದಾಗ ಇನ್ನೂ ಪೂರ್ತಿ ಬೆಳೆದಿರಲಿಲ್ಲ, ಆದರೆ ದರ್ಬಾರು ಮಾತ್ರ ಪಾಳೆಗಾರನದು.

ಮರಿಯಾಗದಂತೆ ಮಾಡಿಸುವ ಆಪರೇಷನ್ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಅದು ಹಲವು ಉಪಾಯಗಳಲ್ಲಿ ಒಂದಲ್ಲ, ಅದು ಆಗಲೇಬೇಕು. ಆಪರೇಷನ್ ಆಗದ ಗಂಡು ಬೆಕ್ಕು ಗೋಡೆಗೆ ಉಚ್ಚೆ ಹಾರಿಸುತ್ತದೆ, ರಾತ್ರಿ ಹೊರಗೆ ಹೋಗಲು ಕೂಗಾಡುತ್ತದೆ. ಇನ್ನೊಂದು ಬೆಕ್ಕಿನ ನೆಮ್ಮದಿಯನ್ನೂ ಕೆಡಿಸುತ್ತದೆ. ಆದರೆ ಆಪರೇಷನ್ ಆದ ಮಾರನೇ ದಿನವೇ ಸಾಧುವಾಗುತ್ತದೆ ಅಂದುಕೊಳ್ಳಬೇಡಿ. ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಆ ವಾರಗಳಲ್ಲಿ ಅದರಿಂದ ಮರಿಯೂ ಆಗಬಹುದು. ಮನೆಯಲ್ಲಿರುವ ಹೆಣ್ಣಿಗೂ ಆಪರೇಷನ್ ಆಗಿರದಿದ್ದರೆ ಎರಡನ್ನೂ ಬೇರೆಯೇ ಇಡಬೇಕು.

ಬಿಟ್ಟುಬಿಡೋದಾ, ಬೇರೆ ಇಡೋದಾ?

ಮದ್ದೂರಿನ ಹತ್ತಿರ ನಮ್ಮಣ್ಣನ ಮನೆ. ಅಲ್ಲಿ ಯಾವಾಗ ಹೋದರೂ ನಾಲ್ಕೈದು ಬೆಕ್ಕು ಓಡಾಡಿಕೊಂಡಿರುತ್ತವೆ. ನನ್ನ ಪಾಡು ಕೇಳಿ ಅತ್ತಿಗೆ ನಕ್ಕುಬಿಟ್ಟರು. "ಅಯ್ಯೋ, ಕೊತ್ತಿಗೂ ಪಂಚಾಯ್ತಿ ಮಾಡ್ಬೇಕಾ? ಬಿಡಮ್ಮ, ಎರಡು ಸಲ ಕಿತ್ತಾಡ್ತವೆ, ಆಮೇಲೆ ಅವೇ ಸರಿಹೋಗ್ತವೆ."

ಅವರ ಮನೆಯ ಮಟ್ಟಿಗೆ ಅದು ನಿಜ. ಅಲ್ಲಿ ಒಂದು ಬುಸ್ ಅಂದರೆ ಇನ್ನೊಂದು ಹಿತ್ತಲಿಗೆ ಹೋಗುತ್ತದೆ. ಅಲ್ಲೂ ಬೇಡ ಅನ್ನಿಸಿದರೆ ಹುಲ್ಲಿನ ಮೆದೆ ಇದೆ, ಕೊಟ್ಟಿಗೆಯ ಅಟ್ಟ ಇದೆ, ಪಕ್ಕದ ಮನೆಯ ಹೆಂಚಿದೆ. ಸೋತ ಬೆಕ್ಕಿಗೆ ಗೆದ್ದ ಬೆಕ್ಕಿನ ಮುಖ ನೋಡದೆ ಇಡೀ ದಿನ ಕಳೆಯೋಕೆ ಜಾಗ ಇದೆ. ಜಗಳ ಬಗೆಹರಿದದ್ದಲ್ಲ, ಹರಡಿಹೋದದ್ದು. ನಮ್ಮ ಮನೆಯಲ್ಲಿ ಬಾಲ್ಕನಿಗೂ ಬಲೆ ಹೊಡೆಸಿದ್ದೇವೆ. ಇಲ್ಲಿ ಸೋತ ಬೆಕ್ಕು ಮಂಚದ ಕೆಳಗೆ ಸೇರುತ್ತದೆ, ಗೆದ್ದದ್ದು ಮಂಚದ ಪಕ್ಕದಲ್ಲೇ ಕಾವಲು ಕೂರುತ್ತದೆ. ಕೆಂಚನನ್ನು ಹಾಲ್‌ನಲ್ಲಿ ಬಿಟ್ಟು ನೋಡಿದಾಗ ಆದದ್ದೇ ಇದು. ಪುಟ್ಟಿ ಊಟಕ್ಕೂ ಹೊರಗೆ ಬರಲಿಲ್ಲ. ಬೆಕ್ಕು ಹಟಕ್ಕೆ ಬಿದ್ದು ಉಪವಾಸ ಮಾಡಿದರೆ ನಾವು ಹಟ ಮಾಡುವ ಹಾಗಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಲಿವರಿಗೇ ಪೆಟ್ಟು ಬೀಳುವ ಸಾಧ್ಯತೆ ಇದೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ.

ಆಮೇಲೆ ಬೇರೆ ಇಡುವ ದಾರಿ ಹಿಡಿದೆವು. ಕೆಂಚನಿಗೆ ಹಿಂದಿನ ರೂಮು, ಅಲ್ಲೇ ಊಟ, ಅಲ್ಲೇ ಉಚ್ಚೆ ಕಕ್ಕಸಿನ ಟ್ರೇ. ಮೊದಲು ಮುಖ ತೋರಿಸದೆ ವಾಸನೆ ಮಾತ್ರ ಪರಿಚಯ ಮಾಡಿಸಬೇಕು. ಹಳೆಯ ಬನಿಯನ್ನೊಂದನ್ನು ಹರಿದು ಒಂದು ತುಂಡನ್ನು ಕೆಂಚನ ಕೆನ್ನೆಗೆ ಉಜ್ಜಿ, ಅದನ್ನು ಪುಟ್ಟಿಯ ಊಟದ ತಟ್ಟೆಯಿಂದ ಸ್ವಲ್ಪ ದೂರ ಇಟ್ಟೆ. ಮೊದಲ ಸಲ ಮೂಸಿ, ಕಿವಿ ಹಿಂದಕ್ಕೆ ಮಡಿಚಿ, ಊಟ ಬಿಟ್ಟೇ ಎದ್ದುಹೋದಳು. ಹಾಗೇ ದಿನಾ ಇಡುತ್ತ ಬಂದ ಮೇಲೆ ಆ ಬಟ್ಟೆಯ ಮೇಲೇ ಕಾಲಿಟ್ಟುಕೊಂಡು ತಿನ್ನತೊಡಗಿದಳು. ಆಗ ಮುಂದಿನ ಹೆಜ್ಜೆ.

ನಮ್ಮ ಊರಿನ ಮನೆಗಳಲ್ಲಿ ಒಂದು ಅನುಕೂಲ ಇದೆ: ಸೊಳ್ಳೆ ಜಾಲರಿಯ ಬಾಗಿಲು. ಹೊರದೇಶದವರು ಇದಕ್ಕೆಂದೇ ಮಕ್ಕಳ ಗೇಟು ತರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇದು ಆಗಲೇ ಇರುತ್ತದೆ, ಅಲ್ವಾ? ಜಾಲರಿಯ ಆ ಕಡೆ ಒಂದು ತಟ್ಟೆ, ಈ ಕಡೆ ಒಂದು ತಟ್ಟೆ, ಎರಡೂ ದೂರದಲ್ಲಿ. ಇಬ್ಬರೂ ಆರಾಮಾಗಿ ತಿಂದರೆ ನಾಳೆ ಒಂದು ಗೇಣು ಹತ್ತಿರ. ಯಾರಾದರೂ ತಿನ್ನುವುದನ್ನು ನಿಲ್ಲಿಸಿ ದಿಟ್ಟಿಸಿದರೆ ಹಿಂದಕ್ಕೆ. ಜಾಲರಿ ಸ್ಟೀಲಿನದಾಗಿರಲಿ, ನೈಲಾನಿನದನ್ನು ಕೆಂಚನಂಥವನು ಒಂದೇ ಏಟಿಗೆ ಹರಿಯುತ್ತಾನೆ. ಎಲ್ಲ ಸೇರಿ ಒಂದು ತಿಂಗಳ ಮೇಲೇ ಹಿಡಿಯಿತು. ಬೇಜಾರಿನ ಕೆಲಸ, ನಿಜ. ಆದರೆ ನಾವು ಮಾಡಿದ್ದರಲ್ಲಿ ಎದ್ದು ಕಾಣುವ ಫಲ ಕೊಟ್ಟದ್ದು ಇದೇ.

ಹಿರಿಯಳಿಗೆ ಮೊದಲ ಮರ್ಯಾದೆ

"ಯಾರು ಯಜಮಾನರು ಅಂತ ತೀರ್ಮಾನ ಮಾಡಿ, ಅವರಿಗೇ ಮೊದಲು ಊಟ ಹಾಕಿ" ಅಂತ ಒಂದು ಸಲಹೆ ತುಂಬ ಓಡಾಡುತ್ತದೆ. ಹಿರಿ ಸೊಸೆಗೆ ಮೊದಲು ಬಡಿಸಿದ ಹಾಗೆ ಕೆಲವು ವಾರ ಪುಟ್ಟಿಗೇ ಮೊದಲು ಹಾಕಿದೆ. ಏನೂ ಬದಲಾಗಲಿಲ್ಲ. ಬೆಕ್ಕು ನಾಯಿಯಲ್ಲ. ಇವುಗಳ ಮೂಲ ಆಫ್ರಿಕಾದ ಕಾಡುಬೆಕ್ಕು, ಅದು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ನಮ್ಮ ಮನೆಯಲ್ಲೇ ನೋಡಿ, ಬೆಳಗ್ಗೆ ಬಿಸಿಲು ಬೀಳುವ ಕಿಟಕಿ ಪುಟ್ಟಿಯದು. ಸಂಜೆ ಅದೇ ಕಿಟಕಿ ಕೆಂಚನದು. ಯಾರು ಮೊದಲು ಹೋಗಿ ಕೂತರೋ ಅವರದು ಅಷ್ಟೇ. ಇಲ್ಲಿ ಖಾಯಂ ಯಜಮಾನಿಕೆ ಯಾರಿಗೂ ಇಲ್ಲ.

ಊಟದ ವಿಷಯದಲ್ಲಿ ಗೆದ್ದದ್ದು ಜಾಗ. ಪುಟ್ಟಿಗೆ ಅಡುಗೆಮನೆ ಕಟ್ಟೆಯ ಮೂಲೆ, ಕೆಂಚನಿಗೆ ವರಾಂಡ. ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆ ಕಾಣಬಾರದು. ಪರಿಚಯದ ಕಾಲದಲ್ಲಿ ಹತ್ತಿರ ಹತ್ತಿರ ಉಣಿಸುವುದು ಸರಿ. ಆಮೇಲೂ ಪಕ್ಕಪಕ್ಕದಲ್ಲೇ ತಿನ್ನಲಿ ಅನ್ನುವುದು ನಮ್ಮ ಆಸೆ, ಅವುಗಳದ್ದಲ್ಲ.

ಸದ್ದಿಲ್ಲದ ದಬ್ಬಾಳಿಕೆ

ಕಿರುಚಾಟ ನಿಂತ ಮೇಲೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆಗಲೇ ನೋಡಬೇಕಾದ್ದು ಇದೆ. ಬಚ್ಚಲಿಗೆ ಹೋಗುವ ಓಣಿಯಲ್ಲಿ ಕೆಂಚ ಅಡ್ಡಡ್ಡ ಮಲಗಿರುತ್ತಿದ್ದ. ನೋಡಿದವರಿಗೆ ಪಾಪ, ತಂಪಿಗೆ ಮಲಗಿದ್ದಾನೆ ಅನ್ನಿಸಬೇಕು. ಬಾಲದ ತುದಿ ಮಾತ್ರ ಟಪ್ ಟಪ್ ಅಂತ ನೆಲಕ್ಕೆ ಬಡಿಯುತ್ತಿರುತ್ತದೆ. ಪುಟ್ಟಿ ಹಾಲಿನಿಂದ ಬರುತ್ತಾಳೆ, ಓಣಿಯ ಬಾಯಲ್ಲಿ ನಿಲ್ಲುತ್ತಾಳೆ. ಅವನು ತಲೆ ಎತ್ತುವುದಿಲ್ಲ, ಕಣ್ಣು ಮಾತ್ರ ಎತ್ತುತ್ತಾನೆ. ಅವಳು ಒಂದು ಕಾಲನ್ನು ನೆಕ್ಕಿಕೊಂಡ ಹಾಗೆ ಮಾಡಿ, ತಿರುಗಿ ಹೋಗುತ್ತಾಳೆ. ಅವಳ ಟ್ರೇ ಇದ್ದದ್ದು ಓಣಿಯ ಆ ತುದಿಯಲ್ಲಿ. ಚಾಪೆಯ ಮೇಲೆ ಉಚ್ಚೆ ಮಾಡತೊಡಗಿದಳು ಅಂದರೆ ಆಶ್ಚರ್ಯ ಏನು?

ಇದಕ್ಕೆ ಎರಡು ಉಪಾಯ ಹೋಲಿಸಿ ನೋಡಿದೆ. ಒಂದು, ನೀರಿನ ಸ್ಪ್ರೇ ಬಾಟಲಿ ಮತ್ತು ಗದರಿಕೆ. ಕೆಂಚ ಓಡುತ್ತಿದ್ದ, ನಾನು ಆ ಕಡೆ ಹೋದ ತಕ್ಷಣ ವಾಪಸ್. ಜೊತೆಗೆ ಪುಟ್ಟಿ ಕಂಡಾಗಲೆಲ್ಲ ಮೈಮೇಲೆ ನೀರು ಬೀಳುತ್ತದೆ ಅಂತ ಅವನಿಗೆ ಲೆಕ್ಕ ಸಿಕ್ಕರೆ ಅವಳ ಮೇಲಿನ ಸಿಟ್ಟು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಇನ್ನೊಂದು, ಟ್ರೇಗಳನ್ನು ಹೆಚ್ಚಿಸಿ ದೂರ ದೂರ ಇಡುವುದು. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ ಅನ್ನುವುದು ಪಶುವೈದ್ಯರೆಲ್ಲ ಹೇಳುವ ಮಾತು. ನಮಗೆ ಮೂರು. ಮೂರನ್ನೂ ಬಚ್ಚಲಲ್ಲೇ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ವರಾಂಡದಲ್ಲೊಂದು, ಹಿಂದಿನ ರೂಮಲ್ಲೊಂದು ಇಟ್ಟ ಮೇಲೆ ಚಾಪೆ ಒಣಗಿಯೇ ಇತ್ತು. ಸ್ಪ್ರೇ ಬಾಟಲಿ ಈಗ ಇಸ್ತ್ರಿಗೆ ಬಳಕೆಯಾಗುತ್ತಿದೆ.

ಟ್ರೇಗೆ ಮರದ ಹೊಟ್ಟು ಅಗ್ಗ, ಆದರೆ ಮನೆಯೆಲ್ಲ ಹರಡುತ್ತದೆ. ಮರಳು ಭಾರ. ಉಚ್ಚೆ ಬಿದ್ದಲ್ಲಿ ಗಟ್ಟಿಯಾಗುವ ಲಿಟರ್, ಅಂದರೆ ಟ್ರೇಗೆಂದೇ ಅಂಗಡಿಯಲ್ಲಿ ಸಿಗುವ ಪುಡಿ, ದುಬಾರಿ, ವಾಸನೆ ಕಡಿಮೆ. ಒರೆಸೋಕೆ ಫಿನೈಲ್ ಮಾತ್ರ ಬೇಡ. ಫೀನಾಲ್ ಇರುವ ದ್ರಾವಣ ಬೆಕ್ಕಿಗೆ ವಿಷ, ನೆಲ ತುಳಿದ ಪಾದವನ್ನೇ ಅವು ನೆಕ್ಕುತ್ತವೆ. ಇನ್ನೊಂದು ಮಾತು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತ ಕೂತರೆ, ಉಚ್ಚೆ ಹನಿಯೂ ಬರದಿದ್ದರೆ, ಅದು ಹೊಟ್ಟೆಕಿಚ್ಚು ಅಲ್ಲ. ಮೂತ್ರದ ದಾರಿ ಕಟ್ಟಿರಬಹುದು, ಜೀವಕ್ಕೇ ಅಪಾಯ. ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ಪ್ಲಗ್ಗಿನ ಬಾಟಲಿಯಾ, ಬೀರುವಿನ ತಲೆಯಾ?

ಅಂಗಡಿಯವರು ತೋರಿಸುವ ಆ ಪ್ಲಗ್ಗಿನ ಬಾಟಲಿಯೇ ಫೆರೋಮೋನ್ ಡಿಫ್ಯೂಸರ್, ಬೆಕ್ಕುಗಳು ಒಂದಕ್ಕೊಂದು ಸುಳಿವು ಕೊಡಲು ಬಿಡುವ ವಾಸನೆಯ ನಕಲನ್ನು ಗಾಳಿಗೆ ಬಿಡುವಂಥದ್ದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬೆಕ್ಕು ಕೆನ್ನೆ ಉಜ್ಜಿದಾಗ ಬಿಡುವ ವಾಸನೆಯ ನಕಲು. ಇನ್ನೊಂದು ಹಾಲೂಡುವ ತಾಯಿ ಬೆಕ್ಕಿನ ವಾಸನೆಯ ನಕಲು, ಬೆಕ್ಕು ಬೆಕ್ಕಿನ ಜಗಳಕ್ಕೆ ಅಂತ ಮಾರುವುದು ಇದನ್ನು. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ. ಒಂದು ಬಾಟಲಿ ಸುಮಾರು 30 ದಿನ ಬರುತ್ತದೆ, ಒಂದು ದೊಡ್ಡ ಹಾಲಿಗೆ ಸಾಕು. ಆದರೆ ಇದನ್ನು ಕಿಟಕಿ ಮುಚ್ಚಿಕೊಂಡಿರುವ ಮನೆಗಳ ಲೆಕ್ಕದಲ್ಲಿ ಮಾಡಿದ್ದಾರೆ ಅಂತ ನನ್ನ ಅನುಮಾನ. ಮೈಸೂರಲ್ಲಿ ಕಿಟಕಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತವೆ, ಮೇಲೆ ಫ್ಯಾನು ಬೇರೆ. ರಾತ್ರಿ ಹೊತ್ತು ಕೆಂಚ ಸ್ವಲ್ಪ ಮೆತ್ತಗಾದ ಹಾಗೆ ಕಂಡ. ಬಾಟಲಿ ಮುಗಿದ ಮೇಲೂ ಹಾಗೇ ಇದ್ದ. ಹಾಗಾಗಿ ಅದರ ಕೀರ್ತಿ ಯಾರಿಗೆ ಹೋಗಬೇಕೋ ಹೇಳಲಾರೆ.

ಬೀರುವಿನ ತಲೆಗೆ ಮಡಿಚಿದ ಗೋಣಿಚೀಲ ಹಾಕಿದ್ದಕ್ಕೆ ಖರ್ಚೇ ಇಲ್ಲ. ಅಲ್ಲಿಂದ ಸಜ್ಜದ ಮೇಲಕ್ಕೆ, ಸಜ್ಜದಿಂದ ಪುಸ್ತಕದ ಕಪಾಟಿಗೆ ಹಾದಿ ಆಗುವ ಹಾಗೆ ಬಡಗಿಯಿಂದ ಎರಡು ಹಲಗೆ ಹೊಡೆಸಿದೆವು. ಇಳಿಯೋಕೆ ಎರಡು ದಾರಿ ಇರಬೇಕು ಅನ್ನುವುದೇ ಇಲ್ಲಿ ಮುಖ್ಯ. ಒಂದೇ ದಾರಿ ಇದ್ದರೆ ಎತ್ತರದ ಜಾಗವೂ ಬೋನೇ. ಪುಟ್ಟಿ ಈಗ ಹಾಲಿನ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಹೋಗುತ್ತಾಳೆ. ಕೆಂಚ ಕೆಳಗೆ ಅಡ್ಡ ಮಲಗಿದರೆ ಮಲಗಿಕೊಳ್ಳಲಿ.

ದಸರಾಕ್ಕೆ ನೆಂಟರು ಬಂದಾಗ ಈ ವ್ಯತ್ಯಾಸ ಚೆನ್ನಾಗಿ ಕಂಡಿತು. ಹಿಂದಿನ ರೂಮು ಅತಿಥಿಗಳಿಗೆ, ವರಾಂಡದಲ್ಲಿ ಚಪ್ಪಲಿ ರಾಶಿ, ಹಾಲಿನಲ್ಲಿ ಬೊಂಬೆ. ಬೆಕ್ಕುಗಳ ಪಾಲಿಗೆ ಮನೆ ಅರ್ಧ ಆಯಿತು. ಡಿಫ್ಯೂಸರ್ ಹಾಕಿದ್ದ ವರ್ಷವೂ ಎರಡು ಸಲ ಹೊಡೆದಾಟ ಆಯಿತು. ಹಲಗೆ ಬಂದ ವರ್ಷ ಬುಸುಗುಟ್ಟಿದ್ದೇ ಹೆಚ್ಚು.

ನಿಜವಾದ ಹೊಡೆದಾಟ ಹತ್ತಿಕೊಂಡರೆ ಕೈ ಹಾಕಬೇಡಿ. ನಡುವೆ ಒಂದು ಮೊರ ತೂರಿಸಿದರೆ ಸಾಕು, ಒಂದಕ್ಕೊಂದು ಕಾಣದಾದರೆ ಬಿಡುತ್ತವೆ. ಬೆಕ್ಕಿನ ಹಲ್ಲು ಸಣ್ಣಗೆ, ಆಳವಾಗಿ ಇಳಿಯುತ್ತದೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ.

ತೊಡೆಯ ಜಗಳ

ಅವರೆಕಾಯಿ ಕಾಲದಲ್ಲಿ ಸಂಜೆ ಕಾಯಿ ಸುಲಿಯಲು ಕೂತರೆ ಪುಟ್ಟಿ ತೊಡೆಯೇರುತ್ತಾಳೆ. ಹಿಂದೆಯೇ ಕೆಂಚ. ನೇರ ಹೊಡೆಯುವುದಿಲ್ಲ, ಮೈ ಒತ್ತಿ ಒತ್ತಿ ಅವಳನ್ನು ಜಾರಿಸುತ್ತಾನೆ. ಇಬ್ಬರನ್ನೂ ಒಟ್ಟಿಗೆ ಮುದ್ದು ಮಾಡಿದರೆ ಸಮಾಧಾನ ಆಗುತ್ತದೆ ಅಂತ ನಮ್ಮ ಯಜಮಾನರ ವಾದ. ಅದು ಇಬ್ಬರಿಗೂ ಬೇಕಾಗಿರಲಿಲ್ಲ. ಅದಕ್ಕಿಂತ, ನಾನು ಕೂರುವ ಮೊದಲು ಕೋಲಿಗೆ ಕಟ್ಟಿದ ಬಟ್ಟೆ ಚಿಂದಿ ಹಿಡಿದು ಕೆಂಚನನ್ನು ಚೆನ್ನಾಗಿ ಓಡಿಸಿ, ಸುಸ್ತು ಮಾಡಿ, ಊಟ ಹಾಕಿಬಿಡುವುದು ವಾಸಿ. ತಿಂದು, ಮೈ ನೆಕ್ಕಿಕೊಂಡು, ಮಲಗುತ್ತಾನೆ. ಆಮೇಲೆ ತೊಡೆ ಪುಟ್ಟಿಯದು. ಆಟ ಮುಗಿದ ಮೇಲೆ ಕೋಲನ್ನು ಎತ್ತಿಡಿ, ದಾರ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದರೂ ಕೂಡದ ಜೋಡಿಗಳಿವೆ. ಒಂಟಿಕೊಪ್ಪಲಿನ ಗೆಳತಿಯೊಬ್ಬಳ ಮನೆಯಲ್ಲಿ ಎರಡು ದೊಡ್ಡ ಹೆಣ್ಣು ಬೆಕ್ಕು. ಟ್ರೇ, ಹಲಗೆ, ಜಾಲರಿ ಎಲ್ಲ ಆಯಿತು, ಡಾಕ್ಟರು ನೋಡಿ ನೋವು ಕಾಯಿಲೆ ಏನೂ ಇಲ್ಲ ಅಂತಲೂ ಹೇಳಿದರು. ಮನೆಯನ್ನೇ ಎರಡು ಪಾಲು ಮಾಡಿ, ಬೆಳಗ್ಗೆ ಒಂದು, ಸಂಜೆ ಒಂದು ಅಂತ ಬಿಡುತ್ತಿದ್ದಳು. ಬಾಗಿಲು ತೆಗೆಯುವ ಹಾಕುವ ಲೆಕ್ಕದಲ್ಲೇ ಮನೆಮಂದಿ ಸುಸ್ತಾದರು. ಕೊನೆಗೆ ಒಂದನ್ನು ಮಂಡ್ಯದಲ್ಲಿರುವ ಅವಳ ಅಮ್ಮನ ಮನೆಗೆ ಕಳಿಸಿದಳು. ನಾಲ್ಕು ಜನ ನಾಲ್ಕು ಮಾತಾಡಿದರು. ಅಲ್ಲಿ ಬೇರೆ ಬೆಕ್ಕಿಲ್ಲ. ಹೋದ ವಾರ ಕೇಳಿದಾಗ, ಅದು ಮೈ ತುಂಬಿಕೊಂಡಿದೆ, ಇಲ್ಲಿರುವುದು ಮಂಚದ ಕೆಳಗಿನಿಂದ ಹೊರಗೆ ಬಂದಿದೆ ಅಂದಳು.