ಎರಡು ವಾಟರ್ ಪಾರ್ಕ್, ಒಂದು ಹೊಳೆ: ನಾವು ಇಳಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಚಿಕ್ಕ ಪಾರ್ಕ್. ಅಲ್ಲಿರುವುದು ನಾಲ್ಕೇ ಸ್ಲೈಡ್. ನಾಲ್ಕೂ ಮೇಲೆ ಮುಚ್ಚಿಗೆ ಇಲ್ಲದವು. ಜೊತೆಗೆ ಒಂದು ಲೇಜಿ ರಿವರ್, ಅಂದರೆ ಟ್ಯೂಬಿನಲ್ಲಿ ಕೂತು ಮೆಲ್ಲಗೆ ತೇಲಿ ಸುತ್ತು ಬರುವ ಕಾಲುವೆ. ದೊಡ್ಡ ಪಾರ್ಕಿನಲ್ಲಿ ಹದಿನೈದಕ್ಕಿಂತ ಜಾಸ್ತಿ ಸ್ಲೈಡ್ ಇದ್ದವು, ಟಿಕೆಟ್ ಎರಡು ಪಟ್ಟು ಇತ್ತು. ಮನೆಗೆ ಬರುವಾಗ ಮಗನ ಗದ್ದಕ್ಕೆ ಮೂರು ಹೊಲಿಗೆ ಬಿದ್ದಿತ್ತು. ಮೂರನೆಯದು ನನ್ನ ತವರಿನ ಹೊಳೆ, ಬ್ರಹ್ಮಾವರದ ಆಚೆ ಹರಿಯುವ ಸೀತಾ ನದಿ. ಒಂದೇ ವರ್ಷದಲ್ಲಿ ಮೂರು ಕಡೆಯೂ ಇಳಿದದ್ದರಿಂದ ಹೋಲಿಸಿ ಬರೆಯುತ್ತಿದ್ದೇನೆ.

ಮಗನಿಗೆ ಎಂಟು ವರ್ಷ. ಎತ್ತರ 122 ಸೆಂಟಿಮೀಟರ್, ತೂಕ 20 ಕೆಜಿ. ಈ ಎರಡು ಅಂಕೆ ಸ್ವಲ್ಪ ನೆನಪಿಟ್ಟುಕೊಳ್ಳಿ.

ದೊಡ್ಡ ಪಾರ್ಕಿಗೆ ಹೋದದ್ದು ಕಳೆದ ಏಪ್ರಿಲ್‌ನಲ್ಲಿ, ರಜೆ ಸಿಕ್ಕಿದ ಮೊದಲ ಭಾನುವಾರ. ಸುರತ್ಕಲ್‌ನಿಂದ ನಾನು, ಇವರು, ಮಗ, ಮತ್ತೆ ಪಿಯುಸಿ ಓದುವ ಅಕ್ಕನ ಮಗಳು. ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಊಟ ಆದ ಮೇಲೆ ಮಗ ಕೊಳವೆ ಸ್ಲೈಡಿಗೆ ಹೋಗಬೇಕೆಂದು ಹಟ ಹಿಡಿದ. ಅದು ಪೂರ್ತಿ ಮುಚ್ಚಿದ ಕೊಳವೆ. ಒಳಗೆ ಕತ್ತಲೆ. ಟ್ಯೂಬಿನ ಮೇಲೆ ಒಬ್ಬೊಬ್ಬರೇ ಕೂತು ಜಾರಬೇಕು. ಮೆಟ್ಟಿಲಿನ ಬುಡದಲ್ಲಿ ಎತ್ತರ ಅಳೆಯುವ ಬೋರ್ಡ್ ಇತ್ತು. 120 ಸೆಂಟಿಮೀಟರ್ ದಾಟಿದವರು ಹೋಗಬಹುದು. ಮಗನ ತಲೆ ಗೆರೆಗಿಂತ ಎರಡು ಬೆರಳು ಮೇಲಿತ್ತು. ಬಿಟ್ಟರು.

ನಾನು ಕೆಳಗೆ, ಸ್ಲೈಡ್ ಬಂದು ಮುಗಿಯುವ ಕೊಳದ ಹತ್ತಿರ ನಿಂತೆ. ಇವರು ಮಗನ ಜೊತೆ ಮೇಲೆ ಹೋದರು. ಇಬ್ಬರ ನಡುವೆ ಸಾಲಿನಲ್ಲಿ ಇನ್ನೊಬ್ಬರು ಇದ್ದರು, ಒಳ್ಳೆ ದಪ್ಪದ ಮನುಷ್ಯ. ಮಗ ಮೇಲಿನಿಂದ ಕೈ ಬೀಸಿದ, ಕೊಳವೆಯೊಳಗೆ ಹೋದ. ನಾನು ಕೊಳವೆಯ ಬಾಯಿಯನ್ನೇ ನೋಡುತ್ತಾ ನಿಂತೆ. ಅವನು ಬರಲಿಲ್ಲ. ಅವನಿಗಿಂತ ಮೊದಲು ಹೋದವರೆಲ್ಲ ಸುಮಾರು ಇಪ್ಪತ್ತು ಸೆಕೆಂಡಿಗೆ ಹೊರಗೆ ಬಂದಿದ್ದರು. ಮೂವತ್ತು ಆಯಿತು. ಕೊಳದಲ್ಲಿದ್ದ ಲೈಫ್‌ಗಾರ್ಡಿಗೆ ಕೂಗಿದೆ, "ಎಂತ ಮಾರಾಯ್ರೆ, ನನ್ನ ಮಗ ಇನ್ನೂ ಬರಲಿಲ್ಲ, ಮೇಲೆ ನಿಲ್ಲಿಸ್ಲಿಕ್ಕೆ ಹೇಳಿ!" ಅವನು ಜೋರಾಗಿ ಸೀಟಿ ಊದಿದ. ಪಕ್ಕದಲ್ಲೇ ರೇನ್ ಡ್ಯಾನ್ಸ್‌ನ ಸ್ಪೀಕರ್ ಇತ್ತು. ಮೇಲಿದ್ದ ಹುಡುಗನಿಗೆ ಸೀಟಿ ಕೇಳಿಸಲೇ ಇಲ್ಲ. ಅವನು ತನ್ನಷ್ಟಕ್ಕೆ ಎಣಿಸಿ ಮುಂದಿನವರನ್ನು ಕಳಿಸಿಬಿಟ್ಟಿದ್ದ. ಆಮೇಲೆ ಇಬ್ಬರೂ ಒಟ್ಟಿಗೆ ಹೊರಗೆ ಬಿದ್ದರು. ಮಗ ಟ್ಯೂಬಿನ ಕೆಳಗಿದ್ದ. ನೀರು ಕೆಂಪಾಗಿತ್ತು.

"ಟ್ಯೂಬ್ ನಿಂತೇ ಹೋಯ್ತಮ್ಮ, ಕೈಯಲ್ಲಿ ದೂಡ್ತಾ ಇದ್ದೆ" ಎಂದ. ಅವನು ಎತ್ತರದ ಪರೀಕ್ಷೆಯಲ್ಲಿ ಪಾಸಾಗಿದ್ದ. ಆದರೆ ಸ್ಲೈಡಿನಲ್ಲಿ ಕೆಲಸ ಮಾಡುವುದು ತೂಕ.

ಆ ದಿನದ ನಂತರ ಇದರ ಬಗ್ಗೆ ತುಂಬಾ ಓದಿದೆ, ಕೇಳಿದೆ. ಸ್ಲೈಡಿನಲ್ಲಿ ನಮ್ಮನ್ನು ಕೆಳಗೆ ಎಳೆಯುವುದು ನಮ್ಮದೇ ಭಾರ. ತಡೆಯುವುದು ನೀರು, ಗಾಳಿ, ಕೊಳವೆಯ ಗೋಡೆ. ಭಾರ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ, ಆದರೆ ತಡೆ ಅಷ್ಟೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಹಾಗಾಗಿ 90 ಕೆಜಿಯವರು ತಿರುವಿನಲ್ಲಿ ಗೋಡೆಯ ಮೇಲೆ ಹತ್ತಿ ವೇಗವಾಗಿ ಹೋಗುತ್ತಾರೆ. 20 ಕೆಜಿಯ ಮಗು ಅದೇ ತಿರುವು ಮುಗಿದು ಸ್ವಲ್ಪ ಸಪಾಟಾದ ಜಾಗ ಬಂದಾಗ ನಿಂತುಬಿಡಬಹುದು. ನೀರಿನ ಹರಿವು ಸರಿಯಾಗಿದ್ದರೆ ಅದೇ ಮಗುವನ್ನು ಮುಂದೆ ದೂಡುತ್ತದೆ. ದೊಡ್ಡ ಸ್ಲೈಡಿಗೆ ನಿಮಿಷಕ್ಕೆ ಸಾವಿರಾರು ಲೀಟರ್ ನೀರು ಬೇಕು. ಪಂಪ್ ಸ್ವಲ್ಪ ಸೋತರೂ ಮೊದಲು ಸಿಕ್ಕಿಬೀಳುವವರು ಹಗುರದವರೇ. ದೊಡ್ಡವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ದೂರು ಕೊಡುವವರೂ ಯಾರೂ ಇರುವುದಿಲ್ಲ.

ಬೋರ್ಡಿನಲ್ಲಿ ಗರಿಷ್ಠ ತೂಕ ಬರೆದಿತ್ತು. ಕನಿಷ್ಠ ತೂಕ ಬರೆದಿರಲಿಲ್ಲ. ನಾನು ಕೇಳಿದೆ. "ಮೇಡಂ, ಹೈಟ್ ಮಾತ್ರ ನೋಡುವುದು" ಎಂದರು.

ಇದಕ್ಕಿಂತ ದೊಡ್ಡ ಕೊರತೆ ಏನೆಂದರೆ, ಮೇಲೆ ನಿಂತವನಿಗೆ ಕೆಳಗಿನ ಕೊಳ ಕಾಣುವುದಿಲ್ಲ. ನಡುವೆ ಮೆಟ್ಟಿಲಿನ ಗೋಪುರ, ಅದಕ್ಕೆ ಸುತ್ತಿದ ಇನ್ನೊಂದು ಸ್ಲೈಡ್. ಒಳ್ಳೆಯ ಪಾರ್ಕುಗಳಲ್ಲಿ ಕೆಳಗೆ ಜನ ಎದ್ದು ಹೋದ ಮೇಲೆ ಅಲ್ಲಿನವನು ಗುಂಡಿ ಒತ್ತುತ್ತಾನೆ, ಆಗ ಮೇಲೆ ಹಸಿರು ದೀಪ ಹತ್ತುತ್ತದೆ. ಹಸಿರು ಬಾರದೆ ಮುಂದಿನವರನ್ನು ಬಿಡುವ ಹಾಗಿಲ್ಲ. ಒಂದು ಎಳೆ ವಯರ್, ಎರಡು ಬಲ್ಬ್. ತೋಟದ ಪಂಪಿಗೆ ಮನೆಯಿಂದ ಸ್ವಿಚ್ ಎಳೆಯುವ ನಮ್ಮ ಊರಿನಲ್ಲಿ ಇದು ಕಷ್ಟದ ಕೆಲಸ ಅಲ್ಲ. ಅಷ್ಟು ದೊಡ್ಡ ಸ್ಲೈಡ್ ಕಟ್ಟಿದವರು ಇದನ್ನು ಬಿಟ್ಟದ್ದು ಯಾಕೆ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಎಣಿಸಿ ಕಳಿಸುವುದು ಎಂದರೆ ಎಲ್ಲರೂ ಒಂದೇ ವೇಗದಲ್ಲಿ ಹೋಗುತ್ತಾರೆ ಎಂದು ನಂಬಿದ ಹಾಗೆ ಅಲ್ವಾ?

ಆಫೀಸಿನಲ್ಲಿ ಟಿಕೆಟಿನ ಹಿಂಬದಿ ತೋರಿಸಿದರು. ಸ್ವಂತ ಜವಾಬ್ದಾರಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಹತ್ತಿ, ಬ್ಯಾಂಡೇಜ್ ಕೊಟ್ಟರು. ಹೊಲಿಗೆ ಹಾಕಿಸಲು ನಾವೇ ಕಾರಿನಲ್ಲಿ ಓಡಿದೆವು.

ತೂಕದ ವಿಷಯ ಬರೀ ಮಕ್ಕಳ ಟ್ಯೂಬಿಗೆ ಸಂಬಂಧಪಟ್ಟದ್ದಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 2014ರಲ್ಲಿ ವೆರುಕ್ಟ್ ಎಂಬ ಸ್ಲೈಡ್ ಶುರುವಾಯಿತು. ಎತ್ತರ 51 ಮೀಟರ್. ಮೂವರು ಒಂದೇ ರಾಫ್ಟಿನಲ್ಲಿ, ಅಂದರೆ ಗಾಳಿ ತುಂಬಿದ ತೆಪ್ಪದಲ್ಲಿ, ಕೂತು ಇಳಿಯಬೇಕಿತ್ತು, ಮೂವರ ಒಟ್ಟು ತೂಕಕ್ಕೆ ಮಿತಿ ಇತ್ತು. 2016ರ ಆಗಸ್ಟ್‌ನಲ್ಲಿ ರಾಫ್ಟ್ ನಡುವಿನ ದಿಬ್ಬದಲ್ಲಿ ಸ್ಲೈಡ್ ಬಿಟ್ಟು ಮೇಲಕ್ಕೆ ಹಾರಿತು. ಮೇಲೆ ಬಲೆ ಹಿಡಿದಿದ್ದ ಲೋಹದ ಕಮಾನಿಗೆ ಬಡಿದು 10 ವರ್ಷದ ಹುಡುಗ ಸತ್ತ. ಒಟ್ಟು ತೂಕ ಮಿತಿಯ ಒಳಗೇ ಇತ್ತು. ಆದರೆ ಹಗುರದ ಹುಡುಗ ಮುಂದೆ, ಭಾರದವರು ಹಿಂದೆ ಕೂತಿದ್ದರು. ಆ ಸ್ಲೈಡನ್ನು 2018ರಲ್ಲಿ ಕಿತ್ತುಹಾಕಿದರು. ಅದನ್ನು ಓದಿದ ರಾತ್ರಿ ನಾನು ಎದ್ದು ಮಗನ ಪಕ್ಕದಲ್ಲಿ ಹೋಗಿ ಮಲಗಿದೆ. ಈಗ ಫ್ಯಾಮಿಲಿ ರಾಫ್ಟ್ ಸಿಕ್ಕಿದರೆ ಯಾರು ಎಲ್ಲಿ ಕೂರಬೇಕು ಎಂದು ಅಲ್ಲಿಯವರನ್ನು ಕೇಳಿಯೇ ಕೂರುತ್ತೇನೆ. ಅವರಿಗೆ ಗೊತ್ತಿಲ್ಲದಿದ್ದರೆ ಹತ್ತುವುದಿಲ್ಲ.

ದೊಡ್ಡ ಪಾರ್ಕಿನ ಉಳಿದ ವಿಷಯ. ವೇವ್ ಪೂಲ್ ಭಾನುವಾರ ಬೇಡವೇ ಬೇಡ, ಜನರ ನಡುವೆ ಮಗು ಮುಳುಗಿದರೆ ಯಾರಿಗೂ ಕಾಣುವುದಿಲ್ಲ. ನೆಲ ಕಾವಲಿಯ ಹಾಗೆ ಸುಡುತ್ತದೆ. ಅಕ್ಕನ ಮಗಳು ನೆಟ್ಟಗೆ ಇಳಿಯುವ ಸ್ಪೀಡ್ ಸ್ಲೈಡಿಗೆ ಮೂರು ಸಲ ಹೋದಳು, ಅವಳಿಗೆ ತುಂಬಾ ಖುಷಿ. ಅಲ್ಲಿ ಕೆಳಗೆ ಬರುವ ತನಕ ಕಾಲಿನ ಮೇಲೆ ಕಾಲು ಹಾಕಿ, ಕೈಯನ್ನು ಎದೆಗೆ ಕಟ್ಟಿ ಮಲಗಬೇಕು. ಕಾಲು ಬಿಟ್ಟರೆ ಕೊನೆಯಲ್ಲಿ ನೀರು ದೇಹದೊಳಗೆ ಜೋರಾಗಿ ನುಗ್ಗಿ ಒಳಗೆ ಗಾಯವಾಗಬಹುದು. ಹೆಣ್ಣುಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಾಚಿಕೆ ಬಿಟ್ಟು ಹೇಳಿ.

ಇನ್ನು ಚಿಕ್ಕ ಪಾರ್ಕ್. ನವೆಂಬರಿನಲ್ಲಿ ಹೋದದ್ದು. ಮಗನಿಗೆ ಸ್ಲೈಡ್ ಎಂದರೆ ಹೆದರಿಕೆ ಉಳಿದುಬಿಡುತ್ತದೆ ಎಂದು ಇವರೇ ಒತ್ತಾಯ ಮಾಡಿದರು. ದೊಡ್ಡ ಪಾರ್ಕಿನಲ್ಲಿ ತಲೆಗೆ 950 ರೂಪಾಯಿ ಕೊಟ್ಟಿದ್ದೆವು, ಇಲ್ಲಿ 450. ಸ್ಲೈಡಿನ ಎತ್ತರ ಎರಡು ಮಹಡಿಯಷ್ಟು. ಮೇಲಿನಿಂದ ಕೆಳಗಿನ ತನಕ ಇಡೀ ಸ್ಲೈಡ್ ಕಣ್ಣಿಗೆ ಕಾಣುತ್ತದೆ. ದೀಪವೂ ಇಲ್ಲ, ಬೆಲ್ಲೂ ಇಲ್ಲ, ಆದರೆ ಮೇಲಿದ್ದವರು ಮಗ ಎದ್ದು ಕೊಳದ ಬದಿಗೆ ಹೋಗುವವರೆಗೆ ಕಾದು ಇನ್ನೊಬ್ಬರನ್ನು ಬಿಟ್ಟರು. ನನಗೆ ಬೇಕಾದದ್ದು ಇಷ್ಟೇ.

ಆದರೆ ಸ್ಲೈಡಿನ ಜೋಡಣೆ ನೋಡಲೇಬೇಕು. ಫೈಬರ್ ತುಂಡುಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಸೇರಿಸಿರುತ್ತಾರೆ. ನಮ್ಮ ಮಂಗಳೂರು ಹೆಂಚನ್ನು ನೆನಪಿಸಿಕೊಳ್ಳಿ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಶುರು ಮಾಡಿದ ಕಾಲದಿಂದ ಹೆಂಚು ಹೊದಿಸುವ ಕ್ರಮ ಒಂದೇ, ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ ಕೂರಬೇಕು. ಸ್ಲೈಡಿಗೂ ಅದೇ ಲೆಕ್ಕ. ಸಂದಿನಲ್ಲಿ ಕೆಳಗಿನ ತುಂಡು ಒಂದು ಕೂದಲೆಳೆಯಷ್ಟೂ ಎದ್ದಿರಬಾರದು, ಎದ್ದರೆ ಜಾರುವವರ ಬೆನ್ನು ಗೀರುತ್ತದೆ. ಇಲ್ಲಿ ಒಂದು ಸ್ಲೈಡಿನಲ್ಲಿ ಸಂದಿಗೆ ತುಂಬಿದ್ದ ಸಿಲಿಕಾನ್ ಎದ್ದು ಬಂದಿತ್ತು. ಇವರ ಬೆನ್ನಿನಲ್ಲಿ ಉದ್ದ ಗೆರೆ ಬಿತ್ತು. ಹೇಳಿದ ಕೂಡಲೇ ಆ ಸ್ಲೈಡಿಗೆ ಹಗ್ಗ ಕಟ್ಟಿ ಮುಚ್ಚಿದರು. ಹತ್ತಿಯ ಬಟ್ಟೆ, ಜಿಪ್ ಇರುವ ಚಡ್ಡಿ ಬೇಡ ಎನ್ನುವುದೂ ಇದಕ್ಕೇ. ಒದ್ದೆ ಹತ್ತಿ ಫೈಬರಿಗೆ ಅಂಟಿಕೊಳ್ಳುತ್ತದೆ, ಜಿಪ್ ಅದನ್ನು ಕೆರೆಯುತ್ತದೆ.

ಲೇಜಿ ರಿವರ್‌ನಲ್ಲಿ ನಾವು ಎರಡು ಗಂಟೆ ಇದ್ದೆವು. ನೀರು ನನ್ನ ಸೊಂಟಕ್ಕೆ, ಮಗನ ಎದೆಗೆ. ಮೆಲ್ಲಗೆ ನಡೆದಷ್ಟು ವೇಗ. ಅತ್ತೆಯೂ ಬಂದಿದ್ದರು. ಸೀರೆ ಬಿಟ್ಟು ನೈಲಾನ್ ಬಟ್ಟೆ ಹಾಕಲು ಮೊದಲು ಒಪ್ಪಲಿಲ್ಲ. ಕೊನೆಗೆ ಹಾಕಿ ಟ್ಯೂಬಿನಲ್ಲಿ ಕೂತರು, ನಾಲ್ಕು ಸುತ್ತು ಬಂದರು. ಇಷ್ಟು ವಯಸ್ಸಿನಲ್ಲಿ ಅವರು ನೀರಿನಲ್ಲಿ ಆಡಿದ್ದನ್ನು ನೋಡಿದ್ದು ಅದೇ ಮೊದಲು.

ಕೊರತೆ ಅಲ್ಲೂ ಇದೆ. ಹತ್ತಿ ಬರಲು ಒಂದೇ ಮೆಟ್ಟಿಲು. ಅದು ತಪ್ಪಿದರೆ ಇನ್ನೊಂದು ಸುತ್ತು ಹೋಗಬೇಕು, ಮಗುವಿಗೆ ಸುಸ್ತಾದರೂ ಬೇರೆ ದಾರಿ ಇಲ್ಲ. ಸೇತುವೆಯ ಕೆಳಗೆ ಟ್ಯೂಬ್‌ಗಳು ಒಂದಕ್ಕೊಂದು ಸಿಕ್ಕಿ ನಿಲ್ಲುತ್ತವೆ. ಟ್ಯೂಬ್ ಒತ್ತೊತ್ತಾಗಿ ಬಂದರೆ ಅದರ ಅಡಿಯಲ್ಲಿ ಏನಿದೆ ಎಂದು ದಡದ ಮೇಲಿನ ಲೈಫ್‌ಗಾರ್ಡಿಗೆ ಕಾಣುವುದಿಲ್ಲ. ದೊಡ್ಡವರ ಟ್ಯೂಬಿನ ತೂತಿನಿಂದ ಮಗ ಒಮ್ಮೆ ಕೆಳಗೆ ಜಾರಿಯೂ ಬಿಟ್ಟ. ಆಮೇಲೆ ಲೈಫ್ ಜಾಕೆಟ್ ಹಾಕಿಸಿದೆ.

ಇನ್ನೊಂದು ವಿಷಯ ಕೂದಲು. ಲೇಜಿ ರಿವರ್ ತಾನಾಗಿ ಹರಿಯುವುದಿಲ್ಲ. ಪಂಪ್ ಒಂದು ಕಡೆ ನೀರು ಎಳೆದು ಇನ್ನೊಂದು ಕಡೆ ಬಿಡುತ್ತದೆ. ಎಳೆಯುವ ಬಾಯಿಗೆ ಜಾಲರಿ ಇರುತ್ತದೆ. ಜಾಲರಿ ಸಡಿಲವಾದರೆ ಅಥವಾ ಒಡೆದರೆ ಉದ್ದ ಕೂದಲು, ಸಣ್ಣ ಮಕ್ಕಳ ಕೈ ಒಳಗೆ ಸಿಕ್ಕಿಕೊಳ್ಳುತ್ತದೆ, ಪಂಪ್ ನಿಲ್ಲಿಸದೆ ಬಿಡಿಸಲು ಆಗುವುದಿಲ್ಲ. ಅಮೆರಿಕದಲ್ಲಿ ಒಂದು ಮಗು ನೀರು ಎಳೆಯುವ ಬಾಯಿಗೆ ಸಿಕ್ಕಿ ಸತ್ತ ಮೇಲೆ 2007ರಲ್ಲಿ ಈಜುಕೊಳದ ಜಾಲರಿಗೆಂದೇ ಕಾನೂನು ಮಾಡಿದರು. ನಾನು ಅತ್ತೆಯ ಮುಡಿಯಿಂದ ಮಲ್ಲಿಗೆ ತೆಗೆಸಿ, ಕೂದಲು ಗಟ್ಟಿಯಾಗಿ ಕಟ್ಟಿ ಟೋಪಿ ಹಾಕಿಸಿದೆ. "ಪಂಪ್ ಆಫ್ ಮಾಡುವ ಸ್ವಿಚ್ ಎಲ್ಲಿದೆ ತಮ್ಮಾ?" ಎಂದು ಅಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ಕೈ ತೋರಿಸಿದ, ಹತ್ತು ಹೆಜ್ಜೆ ದೂರದಲ್ಲಿ ಕೆಂಪು ಗುಂಡಿ. ಮನಸ್ಸು ಹಗುರವಾಯಿತು.

ಈಗ ಹೊಳೆ. ಅಣ್ಣನಿಗೆ ನನ್ನ ಈ ತಲೆಬಿಸಿ ಯಾವುದೂ ಅರ್ಥವಾಗುವುದಿಲ್ಲ. "ನಾವೆಲ್ಲ ಈಜು ಕಲಿತದ್ದು ಇಲ್ಲೇ ಅಲ್ವನಾ, ದುಡ್ಡು ಕೊಟ್ಟು ಎಂತಕ್ಕೆ ಹೋಗುವುದು?" ಎನ್ನುತ್ತಾನೆ. ಹೊಳೆಯ ತಂಪು ಯಾವ ಪಾರ್ಕಿನಲ್ಲೂ ಇಲ್ಲ, ಅದು ನಿಜ. ಕ್ಲೋರಿನ್ ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ತವರಿನಲ್ಲಿದ್ದಾಗ ಮಗ ನೀರಿನಿಂದ ಮೇಲೆ ಬರಲೇ ಒಪ್ಪಲಿಲ್ಲ.

ಆದರೂ ನನಗೆ ಹೆಚ್ಚು ಹೆದರಿಕೆ ಇರುವುದು ಹೊಳೆಯ ಬಗ್ಗೆಯೇ. ಪಾರ್ಕಿನ ಕೊಳದ ತಳ ವರ್ಷವಿಡೀ ಒಂದೇ. ಹೊಳೆಯ ತಳ ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸದು. ಹೋದ ವರ್ಷ ಮೊಳಕಾಲುದ್ದ ಇದ್ದಲ್ಲಿ ಈ ವರ್ಷ ಆಳು ಮುಳುಗುವಷ್ಟು. ಹೊಯಿಗೆ (ಮರಳು) ತೆಗೆದ ಗುಂಡಿ ಇದ್ದರಂತೂ ಮೇಲಿನಿಂದ ಗೊತ್ತೇ ಆಗುವುದಿಲ್ಲ, ಒಂದು ಹೆಜ್ಜೆಗೆ ಕಾಲಡಿ ಖಾಲಿ. ಘಟ್ಟದಲ್ಲಿ ಮಳೆ ಬಂದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಅಣ್ಣ ಮೊದಲು ಬಿದಿರಿನ ಗಳ ಹಿಡಿದು ಇಳಿಯುತ್ತಾನೆ, ಅವನು ಚುಚ್ಚಿ ನೋಡಿದ ಜಾಗದಲ್ಲಿ ಮಾತ್ರ ಮಕ್ಕಳು.

ಕಿಂಡಿ ಅಣೆಕಟ್ಟಿನ ಹತ್ತಿರ ಅಣ್ಣನೂ ಬಿಡುವುದಿಲ್ಲ. ಮಳೆ ನಿಂತ ಮೇಲೆ ಉಪ್ಪುನೀರು ಮೇಲೆ ಬಾರದಂತೆ, ತೋಟಕ್ಕೆ ನೀರು ನಿಲ್ಲುವಂತೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ಮೇಲ್ಗಡೆ ನೀರು ಕನ್ನಡಿಯ ಹಾಗೆ ಸುಮ್ನೆ ನಿಂತಿರುತ್ತದೆ, ಮಕ್ಕಳಿಗೆ ಈಜುಕೊಳದಂತೆ ಕಾಣುತ್ತದೆ. ಆದರೆ ಹಲಗೆ ಒಂದು ತಪ್ಪಿದ್ದರೂ ಆ ಕಿಂಡಿಯ ಕಡೆಗೆ ನೀರು ಎಳೆಯುತ್ತದೆ. ಕೆಳಗಡೆ ಬಿದ್ದ ನೀರು ಹಿಂದಕ್ಕೆ ಸುತ್ತಿ, ಸಿಕ್ಕವರನ್ನು ಅಣೆಕಟ್ಟಿನ ಬುಡಕ್ಕೇ ಒತ್ತುತ್ತದೆ. ಇದೂ ಲೇಜಿ ರಿವರ್‌ನ ಜಾಲರಿಯ ಹಾಗೆಯೇ. ವ್ಯತ್ಯಾಸ ಎಂದರೆ ಇಲ್ಲಿ ಆಫ್ ಮಾಡಲು ಕೆಂಪು ಗುಂಡಿ ಇಲ್ಲ.

ಈ ಬೇಸಿಗೆಗೆ ನಮ್ಮ ತೀರ್ಮಾನ ಹೀಗೆ. ಚಿಕ್ಕ ಪಾರ್ಕಿಗೆ ಮೇ ತಿಂಗಳಲ್ಲಿ ಎರಡು ಸಲ, ಎರಡೂ ಸಲ ವಾರದ ನಡುವೆ, ಇವರಿಗೆ ರಜೆ ಸಿಗುವ ಬುಧವಾರ. ನಾಲ್ಕು ಜನಕ್ಕೆ 1,800 ರೂಪಾಯಿ, ಎರಡು ಸಲಕ್ಕೆ 3,600. ದೊಡ್ಡ ಪಾರ್ಕಿಗೆ ಒಂದೇ ಸಲಕ್ಕೆ 3,800 ಕೊಟ್ಟಿದ್ದೆವು. ಹೊಳೆಗೆ ಅಣ್ಣ ಇದ್ದಾಗ ಮಾತ್ರ, ಹಲಗೆ ತೆಗೆಯುವ ದಿನಗಳಲ್ಲಿ ಇಲ್ಲವೇ ಇಲ್ಲ. ಜೂನ್‌ನಿಂದ ಮಳೆ ಬಿಡುವ ತನಕ ಎಲ್ಲಿಗೂ ಇಲ್ಲ. ಅಕ್ಕನ ಮಗಳಿಗೆ ಈಗ 54 ಕೆಜಿ, ಚೆನ್ನಾಗಿ ಈಜುತ್ತಾಳೆ. ಅವಳು ಗೆಳತಿಯರ ಜೊತೆ ದೊಡ್ಡ ಪಾರ್ಕಿಗೆ ಹೋಗುತ್ತೇನೆ ಎಂದರೆ ನಾನು ಬೇಡ ಎನ್ನುವುದಿಲ್ಲ. ಆ ಕೊಳವೆ ಸ್ಲೈಡಿಗೆ ದೀಪ ಹಾಕಿದ್ದಾರಾ ಎಂದು ನೋಡಿಕೊಂಡು ಬಾ ಎಂದಿದ್ದೇನೆ. ಹಾಕಿದ್ದರೆ, ಮಗನಿಗೆ 35 ಕೆಜಿ ಆದ ಮೇಲೆ ನಾವೂ ಇನ್ನೊಮ್ಮೆ ಹೋಗುತ್ತೇವೆ.