ಕ್ಯಾಶ್ಮೀರ್ ಬೆರೆತ ಮೆರಿನೊ ನೂಲು: ಹೆಣೆದು, ತೊಟ್ಟು, ಒಗೆದು ನೋಡಿದ ಮೇಲೆ

ಮೊದಲು ನೂಲಿನ ವಿವರ ಹೇಳಿಬಿಡುತ್ತೇನೆ. ಕೈಯಲ್ಲಿ ಬಣ್ಣ ಹಾಕಿದ ನೂಲು, 4 ಮಿ.ಮೀ. ಕಡ್ಡಿಗೆ ಒಗ್ಗುವ, ಡಿಕೆ ಅನ್ನುವ ಮಧ್ಯಮ ದಪ್ಪ. 80 ಭಾಗ ಮೆರಿನೊ (ಮೆರಿನೊ ಕುರಿಯ ಸಣ್ಣೆಳೆಯ ಉಣ್ಣೆ), 10 ಭಾಗ ಕ್ಯಾಶ್ಮೀರ್ (ಆಡಿನ ಮೆತ್ತನೆಯ ತುಪ್ಪಳ), 10 ಭಾಗ ನೈಲಾನ್. ನೂರು ಗ್ರಾಂ ಲಡಿಯಲ್ಲಿ 211 ಮೀಟರ್. ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಂಸಿಎನ್ ಅಂತ ಕರೆಯುವ ಈ ಮಿಶ್ರಣವನ್ನು ಬಣ್ಣ ಹಾಕಿ ಮಾರುವ ಸಣ್ಣಪುಟ್ಟ ಕಂಪನಿಗಳು ಎಷ್ಟೋ ಇವೆ. ಬಣ್ಣ ಅವರವರದ್ದು, ಒಳಗಿನ ನೂಲು ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಯಾರ ಹತ್ತಿರ ಕೊಂಡೆ ಎನ್ನುವುದನ್ನು ಬದಿಗಿಟ್ಟು ನೂಲಿನ ಬಗ್ಗೆಯೇ ಬರೆಯುತ್ತೇನೆ.

ಬೆಲೆ ಲಡಿಗೆ ಎರಡೂವರೆ ಸಾವಿರದ ಹತ್ತಿರ. ಹೊರದೇಶದಿಂದ ತರಿಸಿದ್ದಕ್ಕೆ ಸುಂಕ ಬೇರೆ. 38 ಇಂಚು ಎದೆಯ, ಉದ್ದ ತೋಳಿನ ಸಾದಾ ಸ್ವೆಟರಿಗೆ ಆರು ಲಡಿ ತಗೊಂಡೆ. ಲೆಕ್ಕ ಕೇಳಿ ದೊಡ್ಡಮ್ಮ ಹಣೆ ಚಚ್ಚಿಕೊಂಡರು. "ಇನ್ನೊಂದಿಷ್ಟು ಸೇರಿಸಿದ್ರೆ ಮೈಸೂರು ಸಿಲ್ಕ್ ಸೀರೆನೇ ಬರ್ತಿತ್ತಲ್ಲೇ!" ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಇಷ್ಟು ದುಡ್ಡು ಯಾತಕ್ಕೆ ಅಂದರೆ, ಎಳೆ ಸಣ್ಣಗಿರುವುದಕ್ಕೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಉಣ್ಣೆಯ ಎಳೆ 30 ದಾಟಿದರೆ ಕತ್ತಿನ ಹತ್ತಿರ ಚುಚ್ಚುತ್ತದೆ. ಒಳ್ಳೆಯ ಮೆರಿನೊ 20ರ ಆಸುಪಾಸು. ಕ್ಯಾಶ್ಮೀರ್ 19ಕ್ಕಿಂತ ಕಮ್ಮಿ. ಲಡಾಖಿನ ಚಾಂಗ್‌ಥಾಂಗ್‌ನಲ್ಲಿ ಸಾಕುವ ಚಾಂಗ್‌ಥಾಂಗಿ ಆಡುಗಳ ಪಶ್ಮೀನಾ ಅನ್ನುವ ಕ್ಯಾಶ್ಮೀರ್ ಇನ್ನೂ ಸಣ್ಣ, 12ರಿಂದ 15. ಅದು ಆಡಿನ ಮೇಲ್ಗೂದಲಲ್ಲ, ಅದರಡಿ ಚಳಿಗೆ ಬೆಳೆಯುವ ಮೆತ್ತನೆಯ ತುಪ್ಪಳ. ಚಳಿ ಕಳೆದು ತಾನಾಗಿ ಉದುರುವ ಹೊತ್ತಿಗೆ ಬಾಚಿ ತೆಗೆಯುತ್ತಾರೆ. ಒಂದು ಆಡಿನಿಂದ ವರ್ಷಕ್ಕೆ ಸಿಗುವುದು ಕೆಲವೇ ನೂರು ಗ್ರಾಂ, ಕಸಕಡ್ಡಿ, ಒರಟು ಕೂದಲು ಆರಿಸಿದರೆ ಅದರಲ್ಲೂ ಅರ್ಧ ಹೋಗುತ್ತದೆ. ನನ್ನ ಆರು ಲಡಿಯಲ್ಲಿ ಕ್ಯಾಶ್ಮೀರ್ ಒಟ್ಟು 60 ಗ್ರಾಂ. ಅಷ್ಟೇ.

ಆ 60 ಗ್ರಾಂ ಗೊತ್ತಾಗುತ್ತದಾ? ಹೆಣೆಯುವಾಗ ಖಂಡಿತ ಗೊತ್ತಾಗುತ್ತದೆ. ಬರೀ ಮೆರಿನೊ ಮತ್ತು ಇದು, ಎರಡನ್ನೂ ಕಣ್ಣು ಮುಚ್ಚಿ ಬೆರಳ ಮೇಲೆ ಹಾಯಿಸಿದರೆ ಬೇರೆ ಮಾಡಿ ಹೇಳಬಹುದು. ಬೆಂಗಳೂರಿನ ಬಿಸಿಲಲ್ಲಿ ಕೈ ಬೆವರುವ ಕಾರಣ ನಾನು ಬಿದಿರಿನ ಕಡ್ಡಿ ಬಳಸುತ್ತೇನೆ. ಅದರ ಮೇಲೂ ಈ ನೂಲು ಎಲ್ಲೂ ತಡೆಯದೆ ಜಾರಿತು. ಟಿವಿ ನೋಡುತ್ತಾ, ಮಾತಾಡುತ್ತಾ, ಸುಮ್ನೆ ಸುತ್ತು ಮೇಲೆ ಸುತ್ತು ಹೆಣೆಯುತ್ತಾ ಕೂತರೆ ಏಳೋಕೆ ಮನಸ್ಸೇ ಬರುತ್ತಿರಲಿಲ್ಲ. ತೊಟ್ಟ ಮೇಲೆ ಕತ್ತು, ಮುಂಗೈ ಬಿಟ್ಟರೆ ಬೇರೆ ಕಡೆ ವ್ಯತ್ಯಾಸ ಗೊತ್ತಾಗುವುದು ಕಮ್ಮಿ. ಹೇಗೂ ಒಳಗೆ ಒಂದು ಅಂಗಿ ಇರುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ನವಿಲುನೀಲಿ ಕೇಳಿದ್ದೆ. ಆರೂ ಒಂದೇ ಬಾರಿ ಬಣ್ಣ ಹಾಕಿದ್ದು ಅಂತ ಮಾರಿದವರು ಬರೆದಿದ್ದರು. ಬೆಳಕಿಗೆ ಹಿಡಿದರೆ ಎರಡು ಲಡಿ ಹಸಿರಿಗೆ ತಿರುಗಿದ್ದವು. ಕೈಬಣ್ಣದಲ್ಲಿ ಇದು ಮಾಮೂಲು. ಒಂದು ಲಡಿ ಮುಗಿಸಿ ಇನ್ನೊಂದು ಶುರುಮಾಡಿದರೆ ಹೊಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎರಡು ಉಂಡೆ ಪಕ್ಕದಲ್ಲಿಟ್ಟುಕೊಂಡು, ಎರಡು ಸುತ್ತಿಗೊಮ್ಮೆ ಬದಲಿಸುತ್ತಾ ಹೆಣೆದೆ. ತಲೆನೋವಿನ ಕೆಲಸ, ಆದರೆ ಈಗ ಬಟ್ಟೆಯಲ್ಲಿ ಎಲ್ಲೂ ಗೆರೆಯಿಲ್ಲ. ಮೊದಲ ಒಗೆತಕ್ಕೆ ನೀಲಿ ಬಿಡುತ್ತದೆ. ವಿನೆಗರ್ ಹಾಕಿ ಅನ್ನುತ್ತಾರೆ. ಬರೀ ತಣ್ಣೀರಿಗೆ ವಿನೆಗರ್ ಹಾಕಿ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಉಣ್ಣೆಯ ಬಣ್ಣ ಕೂರಲು ಬಿಸಿಯೂ ಬೇಕು. ಎರಡು ಮೂರು ಸಲ ನೀರು ಬದಲಿಸಿದ ಮೇಲೆ ತಾನಾಗಿ ನಿಂತಿತು.

ಈ ನೂಲು ಸೂಪರ್‌ವಾಶ್ ಮಾಡಿದ್ದು. ಈ ಒಂದು ಮಾತು ತಿಳಿದಿರಬೇಕು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ಕುಲುಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಸೂಪರ್‌ವಾಶ್‌ನಲ್ಲಿ ಕ್ಲೋರಿನ್‌ನಿಂದ ಆ ಹುರುಪೆಯನ್ನು ಸವೆಸಿ, ಮೇಲೆ ತೆಳುವಾದ ರಾಳದ ಲೇಪ ಕೊಡುತ್ತಾರೆ. ಕುಗ್ಗುವುದು ತಪ್ಪುತ್ತದೆ. ಆದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದೂ ತಪ್ಪುತ್ತದೆ. ಒದ್ದೆಯಾದರೆ ಜೋಲುತ್ತದೆ.

ಹಾಗಾಗಿ ಸ್ಯಾಂಪಲ್ ತುಂಡು ಹೆಣೆಯಿರಿ, ಹೆಣೆದದ್ದನ್ನು ಒಗೆಯಿರಿ. ನನ್ನ ತುಂಡಿನಲ್ಲಿ ಒಗೆಯುವ ಮೊದಲು 10 ಸೆಂ.ಮೀ.ಗೆ 22 ಕುಣಿಕೆ ಇತ್ತು. ಒಗೆದು ಒಣಗಿಸಿದ ಮೇಲೆ 21. ಒಂದೇ ಕುಣಿಕೆ ತಾನೇ ಅನ್ನಿಸುತ್ತದೆ ಅಲ್ವಾ? ಸುತ್ತಳತೆ 100 ಸೆಂ.ಮೀ. ಬೇಕಿತ್ತು. ಮೊದಲ ಲೆಕ್ಕದಲ್ಲಿ 220 ಕುಣಿಕೆ ಹಾಕಿದ್ದರೆ, ಒಗೆದ ಮೇಲೆ ಅದು ಸುಮಾರು 105 ಆಗುತ್ತಿತ್ತು. ಎರಡು ಇಂಚು ಜೋಲು. 210 ಹಾಕಿದೆ, ಸರಿಯಾಗಿ ಕೂತಿದೆ. ಉದ್ದವೂ ಬೆಳೆಯುತ್ತದೆ ಅಂತ ತುಂಡು ನೋಡಿಯೇ ಗೊತ್ತಾಗಿತ್ತು, ತೋಳನ್ನು ಒಂದಿಂಚು ಮೊದಲೇ ನಿಲ್ಲಿಸಿದೆ.

ಇನ್ನು ಬಾಳಿಕೆ. ಈ ನೂಲಿನ ವಿಷಯದಲ್ಲಿ ಮೆತ್ತಗಿರುವುದಕ್ಕೂ ಬಾಳಿಕೆಗೂ ಎಣ್ಣೆ ಸೀಗೆಕಾಯಿ. ಕ್ಯಾಶ್ಮೀರ್ ಎಳೆ ಸಣ್ಣ, ಮೇಲಾಗಿ ಗಿಡ್ಡ. ಉಜ್ಜಿದ ಕಡೆ ತುದಿ ಹೊರಗೆ ಬಂದು ಸುತ್ತಿಕೊಂಡು ಗುಂಡು ಗುಂಡಾಗುತ್ತದೆ. ಪಿಲ್ಲಿಂಗ್ ಅಂತಾರಲ್ಲ, ಅದು. ನನ್ನ ಸ್ವೆಟರಿನಲ್ಲಿ ಮೊದಲು ಎದ್ದದ್ದು ಕಂಕುಳಲ್ಲಿ, ಆಮೇಲೆ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಕೂರುವ ಬಲ ಹೆಗಲಲ್ಲಿ. ಎಡ ಹೆಗಲು ಇವತ್ತಿಗೂ ಹೊಸದರ ಹಾಗಿದೆ! ನೈಲಾನ್ ಇದೆಯಲ್ಲ, ಕಾಪಾಡುತ್ತದೆ ಅಂದುಕೊಳ್ಳಬೇಡಿ. ಮೊಣಕೈ ತೂತಾಗದಂತೆ ಅದು ತಡೆಯುತ್ತದೆ, ನಿಜ. ಆದರೆ ಅದರ ಗಟ್ಟಿ ಎಳೆಯೇ ಆ ಗುಂಡುಗಳನ್ನು ಉದುರಲು ಬಿಡದೆ ಹಿಡಿದುಕೊಳ್ಳುತ್ತದೆ. ಮೊದಲ ಚಳಿಗಾಲದಲ್ಲಿ ಬಾಚಿದ್ದೇ ಬಾಚಿದ್ದು. ಸಡಿಲ ಎಳೆಗಳೆಲ್ಲ ಹೊರಬಿದ್ದ ಮೇಲೆ ಕಮ್ಮಿಯಾಯಿತು. ಬ್ಯಾಟರಿಯ ಶೇವರ್ ಬೇಡ, ಅದು ಒಳ್ಳೆಯ ಎಳೆಯನ್ನೂ ಕತ್ತರಿಸುತ್ತದೆ. ಸಣ್ಣ ಹಲ್ಲಿನ ಸ್ವೆಟರ್ ಬಾಚಣಿಗೆ ಸಾಕು.

ಅಮ್ಮ ಎಂದೋ ಹೆಣೆದ ಲುಧಿಯಾನದ ಅಕ್ರಿಲಿಕ್ ದಾರದ ಸ್ವೆಟರ್ ಇನ್ನೂ ಮನೆಯಲ್ಲಿದೆ. ಮಷೀನಿಗೆ ಹಾಕಿದ್ದೇವೆ, ಬಿಸಿಲಿಗೆ ಒಣಗಿಸಿದ್ದೇವೆ, ಏನೂ ಆಗಿಲ್ಲ. ಬರೀ ಬಾಳಿಕೆ ನೋಡುವುದಾದರೆ ನನ್ನ ಹದಿನೈದು ಸಾವಿರ ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಅದನ್ನು ತೊಟ್ಟು ಬಸ್ಸಿನಲ್ಲಿ ಕೂತರೆ ಹತ್ತು ನಿಮಿಷಕ್ಕೆ ಬೆನ್ನು ಒದ್ದೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಡಿಸೆಂಬರಿನ ಮುಂಜಾನೆ 15 ಡಿಗ್ರಿ, ಹನ್ನೊಂದಕ್ಕೆ ಸುಡುವ ಬಿಸಿಲು, ಮತ್ತೆ ಆಫೀಸಿನ ಎಸಿ. ಈ ಊರಿಗೆ ಉಣ್ಣೆಯೇ ಸರಿ.

ಒಗೆಯುವುದು ಕಷ್ಟವೇನಲ್ಲ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಈಝೀ (ಉಣ್ಣೆ ಒಗೆಯುವ ದ್ರವ ಸೋಪು), ಕಾಲು ಗಂಟೆ ನೆನೆಸಿ, ಉಜ್ಜದೆ, ಹಿಂಡದೆ ಒತ್ತಿ ನೀರು ತೆಗೆದು, ಟವೆಲಿನಲ್ಲಿ ಸುತ್ತಿ ತುಳಿಯಿರಿ. ನೆರಳಲ್ಲಿ ಚಾಪೆಯ ಮೇಲೆ ಹರಡಿ. ತಂತಿಗೆ ಹಾಕಿದರೆ ಮೊಣಕಾಲಿನವರೆಗೆ ಇಳಿಯುತ್ತದೆ. ಮಿಕ್ಕ ನೂಲನ್ನೂ ಪ್ರತಿಸಲ ಜೊತೆಯಲ್ಲೇ ಒಗೆಯುತ್ತೇನೆ. ಮುಂದೆ ಮೊಣಕೈಗೆ ತೇಪೆ ಹಾಕುವಾಗ ಬಣ್ಣ ಹೊಂದಬೇಕಲ್ಲ.

ನಿಜವಾದ ಕಷ್ಟ ಮಳೆಗಾಲದ್ದು. ಉಣ್ಣೆ ತಿನ್ನುವ ಹುಳು ಬೆವರು, ಸಾಂಬಾರಿನ ಕಲೆ ಇರುವ ಜಾಗವನ್ನೇ ಹುಡುಕಿಕೊಂಡು ಬರುತ್ತದೆ. ಬೇವಿನೆಲೆಯನ್ನೊಂದೇ ನಂಬಬೇಡಿ. ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಡಿ. ಅನುಮಾನ ಬಂದರೆ ಆ ಚೀಲವನ್ನೇ ಒಂದು ವಾರ ಫ್ರೀಜರಿನಲ್ಲಿಡಿ, ಮನೆಯವರು ಏನು ಬೇಕಾದರೂ ಅಂದುಕೊಳ್ಳಲಿ.

ಇದಾದ ಮೇಲೆ ಅರ್ಧ ಮೆರಿನೊ, ಅರ್ಧ ರೇಷ್ಮೆಯ ತೆಳು ನೂಲಿನಲ್ಲಿ ಇನ್ನೊಂದು ಹೆಣೆದೆ. ರೇಷ್ಮೆ ನಮ್ಮದೇ, ರಾಮನಗರ, ಶಿಡ್ಲಘಟ್ಟದ ಗೂಡು ಗೊತ್ತಿರುವುದೇ ಅಂದುಕೊಂಡು ಕೂರುವ ಹಾಗಿಲ್ಲ. ಸೀರೆಯಲ್ಲಿ ಹಾಸುಹೊಕ್ಕು ಎರಡೂ ಸೇರಿ ಎಳೆಯನ್ನು ಹಿಡಿದಿಡುತ್ತವೆ. ಹೆಣಿಗೆಯಲ್ಲಿ ಇರುವುದು ಬರೀ ಕುಣಿಕೆ, ಎಳೆದರೆ ವಾಪಸ್ ಬರುವ ಗುಣ ನೂಲಿಗೇ ಇರಬೇಕು. ರೇಷ್ಮೆಗೆ ಅದಿಲ್ಲ. ಮಣಿಕಟ್ಟಿನ ರಿಬ್ (ಹಿಗ್ಗಿ ಕುಗ್ಗುವ ಅಂಚುಪಟ್ಟಿ) ಕೆಲವೇ ವಾರದಲ್ಲಿ ಸಡಿಲವಾಯಿತು. ಹೊಳಪು, ಇಳಿಬೀಳುವ ಚಂದ ಮಾತ್ರ ಬೇರೆ ಯಾವುದಕ್ಕೂ ಬರುವುದಿಲ್ಲ. ಗುಂಡೂ ಕಮ್ಮಿ. ಮದುವೆ ಮನೆಗೆ ಅದು, ದಿನಾ ಆಫೀಸಿಗೆ ಇದು.

ಎಂಸಿಎನ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ. ಹೆಣೆಯುವ ಖುಷಿಗೆ ಪೂರ್ತಿ ಐದು ಕೊಡಬಹುದು, ಕಳೆದದ್ದೆಲ್ಲ ಆಮೇಲಿನದ್ದಕ್ಕೆ. ಹೆಣೆಯುವುದೇ ನಿಮಗೆ ಇಷ್ಟ ಅಂದರೆ ಧಾರಾಳವಾಗಿ ತಗೊಳ್ಳಿ. ದಿನಾ ತೊಡುವ, ಬ್ಯಾಗ್ ಹೊರುವ ಸ್ವೆಟರ್ ಬೇಕಿದ್ದರೆ ಸೂಪರ್‌ವಾಶ್ ಮಾಡದ, ಮೂರು ನಾಲ್ಕು ಎಳೆ ಬಿಗಿಯಾಗಿ ಹುರಿ ಮಾಡಿದ ಸಾದಾ ಮೆರಿನೊ ಮೇಲು, ದುಡ್ಡೂ ಉಳಿಯುತ್ತದೆ. ಸುಮ್ನೆ ರುಚಿ ನೋಡಬೇಕು ಅನ್ನುವವರು ಒಂದೇ ಲಡಿ ತಂದು ಕತ್ತಿಗೆ ಹಾಕುವ ಸುತ್ತುಪಟ್ಟಿ ಹೆಣೆಯಿರಿ. ಆ ಮೆತ್ತನೆ ಗೊತ್ತಾಗುವ ಜಾಗ ಹೇಗೂ ಕತ್ತೇ, ಅಲ್ಲಿ ಬ್ಯಾಗಿನ ಪಟ್ಟಿ ಉಜ್ಜುವುದೂ ಇಲ್ಲ.