ಚೆಕ್ ಎಂಜಿನ್ ದೀಪ: ಬ್ಲೂಟೂತ್ ಡಾಂಗಲ್ಲೋ, ಕೈ ಸ್ಕ್ಯಾನರ್ರೋ?

ಈ ದೀಪ ಹೊತ್ತಿದ್ದೇಕೆ ಎಂದು ತಿಳಿಯಲು ಇರುವ ಎರಡು ಸಾಧನಗಳಿವು. ಎರಡೂ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಕಾರೇ ತನ್ನ ದೋಷ ಪತ್ತೆ ಹಚ್ಚುವ ವ್ಯವಸ್ಥೆ) ಸಾಕೆಟ್‌ಗೆ ಸಿಕ್ಕಿಸುವಂಥವೇ. ಎರಡೂ ದೋಷದ ಕೋಡ್ ಓದುತ್ತವೆ, ಅಳಿಸುತ್ತವೆ. ವ್ಯತ್ಯಾಸ ಆಮೇಲೆ ಶುರು.

ಡಾಂಗಲ್ ಅಗ್ಗ, ಪರದೆಯ ಕೆಲಸ ಫೋನಿನದು. ಇದರ ನಿಜವಾದ ಬಲ ಲೈವ್ ಡೇಟಾ ಗ್ರಾಫ್. ಪಿ0171 ಕೋಡ್ ಬಂದಿದೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎನ್ನೋಣ. ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, +20% ಇದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಇಳಿದರೆ ವ್ಯಾಕ್ಯೂಮ್ ಸೋರಿಕೆ (ಎಂಜಿನ್ನಿಗೆ ಎಲ್ಲಿಂದಲೋ ನುಸುಳುವ ಗಾಳಿ) ಹುಡುಕಿ. ಎಂಜಿನ್ ವೇಗ ಏರಿದಂತೆ ಟ್ರಿಮ್ಮೂ ಏರಿದರೆ ಅನುಮಾನ ಫ್ಯೂಯಲ್ ಪಂಪ್ ಅಥವಾ ಫಿಲ್ಟರ್ ಮೇಲೆ. ತೊಂದರೆಯೆಂದರೆ ಡಾಂಗಲ್ ಒಳಗಿನ ನಕಲಿ ಇಎಲ್‌ಎಂ 327 ಚಿಪ್‌ಗಳು: ಕೆಲವು ಕಾರುಗಳಿಗೆ ಕನೆಕ್ಟೇ ಆಗವು. ಐಫೋನ್‌ಗೆ ಸಾಮಾನ್ಯವಾಗಿ ಬ್ಲೂಟೂತ್ ಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್) ಅಥವಾ ವೈಫೈ ಮಾದರಿ ಬೇಕು. ಕೆಲಸ ಮುಗಿದ ಮೇಲೆ ಕಿತ್ತಿಡಿ. 16ನೇ ಪಿನ್‌ಗೆ ಬ್ಯಾಟರಿ ಕರೆಂಟ್ ಸದಾ ಇರುತ್ತದೆ, ಡಾಂಗಲ್ ಅದನ್ನು ಎಳೆಯುತ್ತಲೇ ಇರುತ್ತದೆ.

ಕೈ ಸ್ಕ್ಯಾನರ್‌ಗೆ ಆ್ಯಪ್, ಪೇರಿಂಗ್ ಯಾವ ರಗಳೆಯೂ ಇಲ್ಲ. ಅಗ್ಗದ ಹಲವುಗಳಲ್ಲಿ ಗ್ರಾಫ್ ಇರುವುದಿಲ್ಲ, ಬರೀ ಅಂಕಿ.

ಪಿ0301ಗೆ, ಅಂದರೆ 1ನೇ ಸಿಲಿಂಡರಿನ ಮಿಸ್‌ಫೈರ್‌ಗೆ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಯಾವುದಾದರೂ ಸಾಕು: ಎಂಜಿನ್ ಆರಿಸಿ, 1 ಮತ್ತು 2ನೇ ಸಿಲಿಂಡರಿನ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ಅದಲುಬದಲು ಮಾಡಿ. ಕೋಡ್ ಪಿ0302 ಆದರೆ, ಅಂದರೆ ದೋಷ 2ನೇ ಸಿಲಿಂಡರಿಗೆ ಹೋದರೆ, ಕಾಯಿಲ್ ಹೋಗಿದೆ; ಆಗದಿದ್ದರೆ ಸ್ಪಾರ್ಕ್ ಪ್ಲಗ್ ನೋಡಿ.

ಅಳಿಸುವ ಮುನ್ನ ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ಎಂಜಿನ್ ಅಂಕಿಗಳು) ಬರೆದಿಟ್ಟುಕೊಳ್ಳಿ, ಕೋಡ್ ಜೊತೆ ಅದೂ ಹೋಗುತ್ತದೆ. ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸುತ್ತಾ ಡೇಟಾ ನೋಡುವ ಸಾಹಸ ಬೇಡ: ಮಿಸ್‌ಫೈರ್‌ನಿಂದ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನೇ (ಹೊಗೆ ಶುದ್ಧ ಮಾಡುವ ಭಾಗ) ಸುಡುತ್ತದೆ.

ನಮ್ಮ ಮತ ಆಂಡ್ರಾಯ್ಡ್ ಫೋನ್ ಇದ್ದವರಿಗೆ ಒಳ್ಳೆಯ ಡಾಂಗಲ್. ಫೋನ್ ಗೊಡವೆ ಬೇಡದ ಅಪ್ಪನ ಕಾರಿಗೆ ಕೈ ಸ್ಕ್ಯಾನರ್.